ಹಗ್ಗದ ತೂಕ

“ಅನ್ನಕ್ಕೆ ಎಷ್ಟು ಅಕ್ಕಿ ಹಾಕಲಿ?” ಎಂದು ಶಾಂತಾ ಅಡುಗೆಮನೆಯಿಂದ ಕೇಳಿದಾಗ ಬಾಲಚಂದ್ರ ನಾಲ್ಕು ಮೀಟರ್ ಉದ್ದದ ಬಲೂನಿನ ಹೊಟ್ಟೆಯೊಳಗಿದ್ದ. ಅಂದರೆ ಅವನ ಮನಸ್ಸು ಅಲ್ಲಿತ್ತು. ಮೈಯೇನೋ ಸೂರತ್ತಿನ ಅಡಾಜಣ್‌ನ ಆರನೇ ಮಹಡಿಯ ಬಾಲ್ಕನಿಯಲ್ಲಿ, ಒಗೆದ ಬನಿಯನ್ನುಗಳ ನೆರಳಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ತೊಡೆಯ ಮೇಲೊಂದು ನೋಟ್‌ಬುಕ್ ಇಟ್ಟುಕೊಂಡು ಕೂತಿತ್ತು. ಉದ್ದ ನಾಲ್ಕು, ನಡುವಿನ ಅಗಲ ಸುಮಾರು ಒಂದೂಕಾಲು, ಎರಡೂ ತುದಿ ಚೂಪು. ಒಳಗೆ ಹಿಡಿಯುವ ಹೀಲಿಯಂ ಮೂರು ಘನ ಮೀಟರ್. ಒಂದು ಘನ ಮೀಟರ್ ಹೀಲಿಯಂ ಹತ್ತಿರ ಹತ್ತಿರ ಒಂದು ಕಿಲೋ ಎತ್ತುತ್ತದೆ. ಅಲ್ಲಿಗೆ ಮೂರು ಕಿಲೋ. “ಒಂದು ಪಾವು,” ಎಂದು ಅವನು ನೋಟ್‌ಬುಕ್ಕಿನಿಂದ ತಲೆಯೆತ್ತದೆ ಕೂಗಿ ಹೇಳಿದ. “ಪಾವಿನ ತಲೆ ತಟ್ಟಿಯೋ, ತಟ್ಟದೆಯೋ?” ಎಂದು ಮತ್ತೆ ಪ್ರಶ್ನೆ ಬಂತು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ; ಇದ್ದಿದ್ದರೆ ಅವನು ಎಂದೋ ಬದುಕಿಕೊಳ್ಳುತ್ತಿದ್ದ. ಬ್ಯಾಂಕಿನ ಕೌಂಟರಿನಲ್ಲಿ ಕೂತವರು ಆಧಾರ್ ನಂಬರು ಕೇಳುವ ದನಿ ಅದು. ಎರಡು ವರ್ಷದಿಂದ, ದಿನಕ್ಕೆ ಎರಡು ಹೊತ್ತು, ಈ ಮನೆಯಲ್ಲಿ ಅಕ್ಕಿಗೆ, ಬೇಳೆಗೆ, ಉಪ್ಪಿಗೆ ಅಳತೆ ಹೇಳುವವನು ಬಾಲಚಂದ್ರ. ಅವನು ಹೇಳಿದಷ್ಟನ್ನೇ ಶಾಂತಾ ಹಾಕುತ್ತಾಳೆ, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ. ಹಾಗಾಗಿ ಎರಡು ವರ್ಷದಿಂದ ಅವರಿಬ್ಬರೂ ಒಮ್ಮೆ ಉಪ್ಪುಪ್ಪಾದದ್ದನ್ನು, ಒಮ್ಮೆ ಸಪ್ಪೆಯನ್ನು, ಒಮ್ಮೆ ಅರೆಹೊಟ್ಟೆಯನ್ನು ಉಣ್ಣುತ್ತಿದ್ದಾರೆ, ಮತ್ತು ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಅದು ಶುರುವಾದದ್ದು ಸೂರತ್ ಕನ್ನಡ ಬಳಗದ ಪುಳಿಯೋಗರೆಯಿಂದ. ನೂರೆಂಬತ್ತು ಜನ, ತಲೆಗೆ ನೂರೆಂಬತ್ತು ಗ್ರಾಂ ಎಂದು ಬಾಲಚಂದ್ರ ಲೆಕ್ಕ ಬರೆದುಕೊಟ್ಟಿದ್ದ. ಆ ಎರಡು ಸಂಖ್ಯೆ ಒಂದೇ ಆಗಿದ್ದು ಅವನಿಗೆ ಒಂಥರಾ ಶುಭವಾಗಿಯೂ ಕಂಡಿತ್ತು. ಅಡುಗೆಯವರ ಮುಂದೆ, ಬಳಗದ ಹೆಂಗಸರೆಲ್ಲ ಹೂ ಕಟ್ಟುತ್ತಾ ಕೂತಿದ್ದಾಗ, ಶಾಂತಾ ಮೆಲ್ಲಗೆ, “ರೀ, ಎರಡನೇ ಸಲ ಕೇಳ್ತಾರೆ. ಸ್ವಲ್ಪ ಜಾಸ್ತಿ ಹಾಕ್ಸಿ,” ಎಂದಿದ್ದಳು. ಅಷ್ಟೇ ಅವಳು ಹೇಳಿದ್ದು. ಅವನಿಗೆ ಏನಾಯಿತೋ, ತಾನು ಹಾವೇರಿ ಕಾಲೇಜಿನಲ್ಲಿ ಒಂದೇ ವರ್ಷ ಫಿಸಿಕ್ಸ್ ಪಾಠ ಮಾಡಿ ಬಿಟ್ಟುಬಂದ ಮೇಷ್ಟರಿಕೆ ಮೈಮೇಲೆ ಬಂತು. “ನಿನಗೇನು ಗೊತ್ತು ಲೆಕ್ಕ?” ಎಂದುಬಿಟ್ಟ. ಹೂ ಕಟ್ಟುತ್ತಿದ್ದ ಕೈಗಳೆಲ್ಲ ಒಂದು ಗಳಿಗೆ ನಿಂತು ಮತ್ತೆ ಶುರುವಾದವು. ನೂರ ನಲವತ್ತನೇ ಎಲೆಗೆ ಪುಳಿಯೋಗರೆ ಮುಗಿಯಿತು. ನೂರ ನಲವತ್ತೊಂದನೇ ಎಲೆ ಬಳಗದ ಅಧ್ಯಕ್ಷ ಲಿಂಗರಾಜರ ತಾಯಿ ರಾಜಮ್ಮನವರದು. ಆ ಮುದುಕಿ ಬರಿಯ ಎಲೆಯನ್ನು ಒಮ್ಮೆ, ಬಾಲಚಂದ್ರನನ್ನು ಒಮ್ಮೆ ನೋಡಿ, ಮೊಸರು ಕುಡಿದು ಎದ್ದಿದ್ದರು. ಜನ ನಕ್ಕಿದ್ದು, ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವನ ಹುಟ್ಟುಹಬ್ಬಕ್ಕೆ ‘ಪುಳಿಯೋಗರೆ ಬಾಲಣ್ಣನಿಗೆ ಶುಭಾಶಯ’ ಎಂದು ಹಾಕಿದ್ದು, ಇದೆಲ್ಲ ಅವನಿಗೆ ಅರಗಿತ್ತು. ಅರಗದೆ ಉಳಿದದ್ದು ಆ ಸಂಜೆ ಮನೆಗೆ ಬಂದ ಮೇಲೆ ಶಾಂತಾ ಸೀರೆಯನ್ನೂ ಬದಲಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲ ಬಾರಿಗೆ ಕೇಳಿದ ಆ ಪ್ರಶ್ನೆ. ತಪ್ಪಾಯಿತು ಎನ್ನಬಹುದಿತ್ತು. ನಾಲ್ಕೇ ಅಕ್ಷರದ ಮಾತು, ಅಷ್ಟೇ. ಅವನು ‘ಮುಕ್ಕಾಲು ಪಾವು’ ಎಂದಿದ್ದ. ತಪ್ಪಾಯಿತು ಎನ್ನುವುದಕ್ಕೂ ಒಂದು ಹೊತ್ತಿರುತ್ತದೆ; ಆ ಹೊತ್ತು ದಾಟಿದರೆ ಆ ಮಾತಿಗೆ ಪೀಠಿಕೆ ಬೇಕಾಗುತ್ತದೆ, ಪೀಠಿಕೆ ಹಾಕಿದರೆ ಅದು ಭಾಷಣವಾಗುತ್ತದೆ, ಭಾಷಣ ಮಾಡುವ ಧೈರ್ಯ ಬಾಲಚಂದ್ರನಿಗಿರಲಿಲ್ಲ.

ಈಗ ಈ ಬ್ಲಿಂಪ್ ಎಂಬ ಭಾರಿ ಬಲೂನು. ಹೋದ ವರ್ಷ ಅಹಮದಾಬಾದಿನವರು ತಮ್ಮೂರಿನ ಬೋಪಾಲ್ ಬಡಾವಣೆಯ ಯಾವುದೋ ಮೈದಾನದಲ್ಲಿ ಡ್ರೋನಿಗೆ ಕನ್ನಡ ಬಾವುಟ ಕಟ್ಟಿ ಹಾರಿಸಿ, ಅದರ ವಿಡಿಯೋವನ್ನು ಗುಜರಾತಿನ ಅಷ್ಟೂ ಕನ್ನಡಿಗರಿಗೆ ಕಳಿಸಿದ್ದರು. ಅಂದಿನಿಂದ ಲಿಂಗರಾಜರಿಗೆ ನಿದ್ದೆಯಿಲ್ಲ. ರಾಣೆಬೆನ್ನೂರಿನ ಕಡೆಯವರು, ಬ್ಯಾಂಕ್ ಮ್ಯಾನೇಜರು, ಸೋಲೆಂದರೆ ಆಗದು. ಮದುವೆ ಮನೆಗಳಿಗೆ ಬಲೂನು ಕಟ್ಟುವ ನಿತಿನ್‌ಭಾಯಿಯನ್ನು ಹಿಡಿದು, ಮೀನಿನಾಕಾರದ ಬೆಳ್ಳಿ ಬಣ್ಣದ ಬ್ಲಿಂಪ್ ಒಂದನ್ನು ಗೊತ್ತುಮಾಡಿ, ವಡೋದರಾದಿಂದ ಹೀಲಿಯಂ ಸಿಲಿಂಡರು ತರಿಸಿ, ರಾಜ್ಯೋತ್ಸವದ ಭಾನುವಾರ ಬೆಳಿಗ್ಗೆ ಮೂವತ್ತು ಮೀಟರ್ ಎತ್ತರದಲ್ಲಿ, ಮುಖ್ಯ ರಸ್ತೆಯ ಬಸ್ಸಿನಲ್ಲಿ ಹೋಗುವವರಿಗೂ ಕಾಣುವಂತೆ, ಬಾವುಟ ಇಳಿಬಿಡುವುದೆಂದು ನಿಶ್ಚಯಿಸಿದ್ದರು. “ಬಾಲಚಂದ್ರ ಅವರ, ಇದು ಎಷ್ಟ್ ಭಾರ ಎತ್ತತೈತಿ? ಖಡಾಖಂಡಿತ ಹೇಳ್ರಿ,” ಎಂದು ಸಭೆಯಲ್ಲಿ ಕೇಳಿದಾಗ ನಾಲ್ಕಾರು ಜನ ಕೆಮ್ಮಿದರು. ಆ ಕೆಮ್ಮಿನಲ್ಲಿ ಪುಳಿಯೋಗರೆ ಇತ್ತು. ಲಿಂಗರಾಜರು ಅತ್ತ ತಿರುಗಿಯೂ ನೋಡಲಿಲ್ಲ. ಇನ್ನೊಮ್ಮೆ ಅವಕಾಶ ಕೊಡುವುದೆಂದರೆ ಹೀಗೆ ಕೊಡಬೇಕು ಎಂದು ಬಾಲಚಂದ್ರನಿಗೆ ಅನ್ನಿಸಿ, ಅವರ ಬಗ್ಗೆ ಪ್ರೀತಿ ಉಕ್ಕಿತು. ಈ ಸಲ ಲೆಕ್ಕ ಸರಿಬಂದರೆ, ಎಲ್ಲರ ಎದುರು ಬಾವುಟ ಏರಿದರೆ, ಶಾಂತಾಳ ಪ್ರಶ್ನೆ ತಾನಾಗಿ ನಿಂತುಹೋದೀತು ಎಂದು ಅವನು ಯಾಕೆ ನಂಬಿಕೊಂಡನೋ ಅವನಿಗೇ ಗೊತ್ತಿಲ್ಲ. ಲೆಕ್ಕ ಬಲ್ಲ ಮನುಷ್ಯ. ಆದರೂ ಹಾಗೆ ನಂಬಿಕೊಂಡ.

ಆದ್ದರಿಂದ ಶನಿವಾರವೆಲ್ಲ ಅವನು ತೂಗಿದ. ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮು ನೋಡುವವನಿಗೆ ಕಣ್ಣಾರೆ ಕಾಣದ್ದನ್ನು ನಂಬುವ ಚಾಳಿಯಿಲ್ಲ. ನಿತಿನ್‌ಭಾಯಿಯ ಅಂಗಡಿಗೆ ಹೋಗಿ, ಗಾಳಿಯಿಲ್ಲದ ಬ್ಲಿಂಪನ್ನು ಹಾಸಿಗೆಯಂತೆ ಸುತ್ತಿಸಿ, ಪಕ್ಕದ ತರಕಾರಿಯವನ ತಕ್ಕಡಿಯಲ್ಲಿ ಇಡಿಸಿದ: ಬಾಲದ ರೆಕ್ಕೆಯೂ ಸೇರಿ ಒಂದು ಕಿಲೋ ಆರುನೂರು ಗ್ರಾಂ. “ಚಿಂತಾ ನಾ ಕರೋ, ಸಾಹೇಬ್,” ಎಂದು ನಿತಿನ್‌ಭಾಯಿ ಕನ್ನಡಕ ಒರೆಸಿಕೊಂಡು ನಕ್ಕ. ಐವತ್ತು ದಾಟಿದ ಮನುಷ್ಯ, ಮೂವತ್ತು ವರ್ಷದಿಂದ ಬಲೂನು ಕಟ್ಟುತ್ತಿದ್ದಾನೆ, ಆದರೂ ಸಾಹೇಬರು ಗ್ಯಾಸಿನ ಲೆಕ್ಕ ಬರೆದುಕೊಟ್ಟ ಚೀಟಿಯನ್ನು ದೇವರ ಪ್ರಸಾದದಂತೆ ಎರಡು ಕೈಯಲ್ಲಿ ತೆಗೆದುಕೊಂಡ. ಮೂರರಲ್ಲಿ ಒಂದೂ ಆರುನೂರು ಕಳೆದರೆ ಒಂದೂ ನಾನೂರು. ಬಾವುಟದ ಬಟ್ಟೆ, ಮೇಲೆ ಕೆಳಗೆ ಎರಡು ಬಿದಿರಿನ ಕೋಲು, ಲಿಂಗರಾಜರು ಬೇಕೇಬೇಕೆಂದ ಚೆಂಡುಹೂವಿನ ಹಾರ, ಎಲ್ಲವನ್ನೂ ಮನೆಗೆ ತಂದು ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದ. ಹಾರವನ್ನು ಎರಡು ಸಲ ಗಿಡ್ಡ ಮಾಡಿಸಿ, ಒಟ್ಟು ಒಂದೂ ನೂರಕ್ಕೆ ತಂದು ನಿಲ್ಲಿಸಿದ. ಮುನ್ನೂರು ಗ್ರಾಂ ಉಳಿಯಿತು. ಇರಲಿ ಬಿಡು, ಸ್ವಲ್ಪ ಜಾಸ್ತಿ ಇರಲಿ ಎಂದುಕೊಂಡ. ಹಾಗೆ ಅಂದುಕೊಂಡದ್ದು ಯಾರ ಮಾತು ಎಂದು ಹೊಳೆದು ಕಿವಿ ಬಿಸಿಯಾಯಿತು. ಅದೇ ಹೊತ್ತಿಗೆ ಕಸ ಗುಡಿಸಲು ಬಂದ ಶಾಂತಾ, ಸೋಫಾದ ಮೇಲಿದ್ದ ಹಗ್ಗದ ಸುರುಳಿಯನ್ನು ಎರಡು ಕೈಯಲ್ಲಿ ಎತ್ತಿದಳು. ಎತ್ತು ಕಟ್ಟಿದರೂ ಹರಿಯಬಾರದೆಂದು ಲಿಂಗರಾಜರೇ ಆರಿಸಿ ತಂದಿದ್ದ ಕಿರುಬೆರಳು ಗಾತ್ರದ ನೂಲಿನ ಹಗ್ಗ. ಅವಳು ಅದನ್ನು ಎದೆಗೊತ್ತಿ ಹಿಡಿದು ಒಂದು ಕ್ಷಣ ನಿಂತಳು. “ರೀ, ಈ ಹಗ್ಗ...” ಎಂದಳು. ಅವನು ಅಂಗೈಯೆತ್ತಿ ತಡೆದ. ಕೂಡುವ ಲೆಕ್ಕದ ನಡುವೆ ಇದ್ದ. “ಒಂದು ನಿಮಿಷ,” ಎಂದ. ಆ ನಿಮಿಷ ಮುಗಿಯಲೇ ಇಲ್ಲ. ಅವಳು ಹಗ್ಗವನ್ನು ಬಾಗಿಲ ಪಕ್ಕ ಇಟ್ಟು ಗುಡಿಸಿ ಹೋದಳು.

ಭಾನುವಾರ ಒಂಬತ್ತು ಗಂಟೆಗೆ ಸೊಸೈಟಿಯ ಮೈದಾನದಲ್ಲಿ ನೂರೈವತ್ತು ಜನ. ಗಾಳಿಯಿರಲಿಲ್ಲ, ಎಲೆ ಅಲ್ಲಾಡುತ್ತಿರಲಿಲ್ಲ. ದೇವರೂ ತನ್ನ ಪಕ್ಷ ಎಂದು ಬಾಲಚಂದ್ರನಿಗೆ ಅನ್ನಿಸಿತು. ಬ್ಲಿಂಪ್ ಮೆಲ್ಲಮೆಲ್ಲಗೆ ತುಂಬಿಕೊಂಡು, ಸುಕ್ಕು ಬಿಡಿಸಿಕೊಂಡು, ಬೆಳ್ಳಗೆ ಹೊಳೆಯುತ್ತಾ ಎದ್ದು ಕೂತಾಗ ಮಕ್ಕಳು ಹೋ ಎಂದವು. “ಬದನಿಕಾಯಿ ಇದ್ದಂಗೈತಿ,” ಎಂದರು ರಾಜಮ್ಮ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು. ನಿತಿನ್‌ಭಾಯಿ ಸಿಲಿಂಡರಿನ ಮುಳ್ಳನ್ನು ಬಾಲಚಂದ್ರನಿಗೆ ತೋರಿಸಿ, ಪೂರಾ ತುಂಬಿದೆ ಎಂದು ಖಾತ್ರಿ ಮಾಡಿಸಿಕೊಂಡ. ನಾಡಗೀತೆ ಮುಗಿಯಿತು. ಲಿಂಗರಾಜರು ಹಗ್ಗ ಹಿಡಿದು, ಕ್ಯಾಮೆರಾದ ಕಡೆ ಮುಖ ಮಾಡಿ, ಬಿಟ್ಟರು.

ಬ್ಲಿಂಪ್ ಏರಿತು. ಒಂದಾಳು, ಎರಡಾಳು, ಮೂರಾಳು ಎತ್ತರ. ಅರಿಶಿನ ಕುಂಕುಮದ ಬಾವುಟ ಬಿಚ್ಚಿಕೊಂಡಿತು. ಚಪ್ಪಾಳೆ ಶುರುವಾಯಿತು. ಬಾಲಚಂದ್ರ ಜನರ ನಡುವೆ ಶಾಂತಾಳ ಮುಖ ಹುಡುಕಿದ. ಅವಳು ಬಾವುಟವನ್ನು ನೋಡುತ್ತಿರಲಿಲ್ಲ. ನೆಲದ ಮೇಲೆ ಸುರುಳಿ ಬಿಚ್ಚಿಕೊಳ್ಳುತ್ತಿದ್ದ ಹಗ್ಗವನ್ನು ನೋಡುತ್ತಿದ್ದಳು. ಅಷ್ಟರಲ್ಲಿ ಬ್ಲಿಂಪ್ ಯಾರೋ ಕರೆದರೇನೋ ಎಂಬಂತೆ ನಿಧಾನವಾಯಿತು, ನಿಂತಿತು. ಮೊದಲನೇ ಮಹಡಿಯ ಬಾಲ್ಕನಿಯ ಎದುರು ನಿಂತಿತು. ಅಲ್ಲಿ ಬಟ್ಟೆ ಹರವುತ್ತಿದ್ದ ಗುಜರಾತಿ ಹೆಂಗಸು ಮೂತಿ ತೂರಿಸಿದ ಬೆಳ್ಳಿ ಮೀನನ್ನು ನೋಡಿ, “ಆವೋ, ಆವೋ,” ಎಂದು ನಗುತ್ತಾ ಸ್ವಾಗತಿಸಿದಳು. ಬಾವುಟದ ಕೆಳಕೋಲು ಲಿಂಗರಾಜರ ತಲೆಯ ಮೇಲೆ ಕೈ ಚಾಚಿದರೆ ಸಿಗುವಷ್ಟರಲ್ಲಿ ತೂಗಾಡುತ್ತಿತ್ತು. ಅವರು ಹಗ್ಗವನ್ನು ಇನ್ನಷ್ಟು ಬಿಟ್ಟರು. ಬಿಟ್ಟ ಹಗ್ಗ ನೆಲದ ಮೇಲೆ ಸುಮ್ಮನೆ ಬಿತ್ತು. ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ ನಿಂತುಹೋಯಿತು. “ಏನಪಾ, ಇಷ್ಟಕ್ಕ ನಿಂತಿತಲ್ಲೋ ನಿಮ್ಮ ಬದನಿಕಾಯಿ!” ಎಂದರು ರಾಜಮ್ಮ.

ಲಿಂಗರಾಜರ ಮುಖ ಕೆಂಪಾಯಿತು. ಅವರು ಬಾಲಚಂದ್ರನನ್ನು ನೋಡಲಿಲ್ಲ, ನಿತಿನ್‌ಭಾಯಿಯನ್ನು ನೋಡಿದರು. “ಗ್ಯಾಸ್ ಕಮ್ ಡಾಲಾ ಕ್ಯಾ?” ಎಂದರು. ಗ್ಯಾಸು ಕಮ್ಮಿ ಹಾಕಿರಬೇಕು, ಇವರ ಬುದ್ಧಿಯೇ ಇಷ್ಟು ಎಂದು ಹಿಂದಿನಿಂದ ಯಾರೋ ಸೇರಿಸಿದರು. ನಿತಿನ್‌ಭಾಯಿ ಜೇಬಿನಿಂದ ಆ ಚೀಟಿಯನ್ನು ತೆಗೆದ. ಆದರೆ ತೋರಿಸಲಿಲ್ಲ. ಬಾಲಚಂದ್ರನ ಕಡೆ ಒಮ್ಮೆ ನೋಡಿ, ಮಡಿಸಿ, ಮತ್ತೆ ಜೇಬಿಗಿಟ್ಟುಕೊಂಡ. ಸಾಹೇಬರ ಮರ್ಯಾದೆ ಕಾಯುತ್ತಿದ್ದಾನೆ ಇವನು! ಬಾಲಚಂದ್ರನಿಗೆ ದಾರಿ ಸುಲಭವಿತ್ತು. ಸುಮ್ಮನಿದ್ದರೆ ಸಾಕು. ಬಾಯಿ ಬಿಡದೆ, ಹುಬ್ಬು ಸ್ವಲ್ಪ ಗಂಟಿಕ್ಕಿ ಸಿಲಿಂಡರನ್ನು ದಿಟ್ಟಿಸಿದರೂ ಸಾಕು, ಉಳಿದದ್ದನ್ನು ಜನ ತಾವೇ ಮಾಡಿಕೊಳ್ಳುತ್ತಾರೆ. ತಪ್ಪು ಯಾರದು ಎಂದು ಹುಡುಕುವುದು ಅವನ ಹೊಟ್ಟೆಪಾಡು. ಇಪ್ಪತ್ತಾರು ವರ್ಷದಲ್ಲಿ ತಪ್ಪು ಯಾವಾಗಲೂ ಸುಮ್ಮನೆ ನಿಂತವನ ಮೇಲೆಯೇ ಹೋಗಿ ಕೂರುವುದನ್ನು ಅವನು ನೋಡಿದ್ದಾನೆ. ಹೂ ಕಟ್ಟುವ ಕೈಗಳು ಒಂದು ಗಳಿಗೆ ನಿಂತದ್ದು ನೆನಪಾಯಿತು. ಅವಳು ಹಗ್ಗವನ್ನು ಎದೆಗೊತ್ತಿಕೊಂಡು ನಿಂತದ್ದು ನೆನಪಾಯಿತು. ರೀ, ಈ ಹಗ್ಗ. ಹಗ್ಗ ನೆಲದಲ್ಲಿರುತ್ತದೆ, ಅದರ ತುದಿ ಲಿಂಗರಾಜರ ಕೈಯಲ್ಲಿರುತ್ತದೆ, ಹಾಗಾಗಿ ಅದರ ಭಾರ ಲಿಂಗರಾಜರದು ಎಂದು ಅವನು ತಿಳಿದಿದ್ದ. ತಿಳಿದಿದ್ದ ಎನ್ನುವುದೂ ತಪ್ಪು, ಅದನ್ನು ಯೋಚಿಸಿಯೇ ಇರಲಿಲ್ಲ. ಏರಿದಷ್ಟೂ ಹಗ್ಗ ಬ್ಲಿಂಪಿಗೆ ಜೋತುಬೀಳುತ್ತದೆ. ಮೀಟರಿಗೆ ಎಷ್ಟಿರಬಹುದು ಈ ಹಗ್ಗ? ಅರವತ್ತು ಗ್ರಾಂ? ಮುನ್ನೂರು ಭಾಗಿಸು ಅರವತ್ತು. ಐದು. ಐದು ಮೀಟರ್! ಬಾಲಚಂದ್ರ ತಲೆಯೆತ್ತಿ ನೋಡಿದ: ಬ್ಲಿಂಪ್ ನಿಂತಿದ್ದದ್ದು ಸರಿಯಾಗಿ ಐದು ಮೀಟರಿನಲ್ಲಿ. ನೂರೈವತ್ತು ಜನರ ಮುಂದೆ ಮಾನ ಹೋಗುತ್ತಿದ್ದ ಆ ಹೊತ್ತಿನಲ್ಲಿ ಅವನ ಎದೆ ಖುಷಿಯಿಂದ ಡವಡವ ಹೊಡೆದುಕೊಂಡಿತು. ಎಷ್ಟು ಚೆಂದ ನಿಂತಿದೆ! ಒಂದು ಗೇಣು ಆಚೆಯಿಲ್ಲ, ಒಂದು ಗೇಣು ಈಚೆಯಿಲ್ಲ!

“ಗ್ಯಾಸು ಸರಿಯಾಗಿದೆ!” ಎಂದು ಅವನು ಕೂಗಿದ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು, ಅದರಲ್ಲಿ ನಗುವಿತ್ತು, ಅದಕ್ಕೇ ಎಲ್ಲರೂ ತಿರುಗಿದರು. “ನಿತಿನ್‌ಭಾಯಿದು ಏನೂ ತಪ್ಪಿಲ್ಲ. ತಪ್ಪು ನಂದು. ಹಗ್ಗದ ತೂಕ ಬಿಟ್ಟುಬಿಟ್ಟೆ.” “ಪುಳಿಯೋಗರೆ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು, ಒಂದು ದೊಡ್ಡ ನಗು ಮೈದಾನದ ತುಂಬ ಹರಡಿತು. ಅವನೂ ನಕ್ಕ. ನಗು ಅಡಗುವ ಮುಂಚೆಯೇ ಹೇಳಿಬಿಡಬೇಕು, ಅಡಗಿದರೆ ಮತ್ತೆ ಪೀಠಿಕೆ ಬೇಕಾಗುತ್ತದೆ. “ನಿನ್ನೆ ಶಾಂತಾ ಹೇಳೋಕೆ ಬಂದ್ಲು. ನಾನು ಕೇಳ್ಲಿಲ್ಲ. ಪುಳಿಯೋಗರೆದೂ ಅವಳು ಹೇಳಿದ್ಲು. ಆವತ್ತೂ ಕೇಳ್ಲಿಲ್ಲ. ಎಲ್ರ ಮುಂದೆ ಬೈದೆ. ತಪ್ಪಾಯ್ತು.” ಅವನು ಕುರ್ಚಿಗಳ ನಡುವೆ ನಾಲ್ಕು ಹೆಜ್ಜೆ ನಡೆದು ಅವಳ ಎದುರು ನಿಂತ. ಕೈ ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. “ಏನ್ ಮಾಡೋಣ, ಶಾಂತಾ?”

ಶಾಂತಾ ಅವಸರ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡಳು, ಬ್ಲಿಂಪನ್ನು ನೋಡಿದಳು, ಮೊದಲನೇ ಮಹಡಿಯ ಹೆಂಗಸನ್ನು ನೋಡಿದಳು. ಆಮೇಲೆ ಬಾಯಿಗೆ ಅಂಗೈ ಅಡ್ಡ ಹಿಡಿದು, “ಬೆನ್! ಫಿರ್ಕಿ ಛೇ? ಸಾದಿ ದೋರಿ!” ಎಂದು ಪಟದ ಸಾದಾ ದಾರದ ಉರುಳೆ ಕೇಳಿ ಕೂಗಿದಳು. ಬಾಲಚಂದ್ರನಿಗೆ ಆಶ್ಚರ್ಯವಾದದ್ದು ಅವಳ ಗುಜರಾತಿಗೋ, ಗಂಟಲಿಗೋ, ಹೇಳುವುದು ಕಷ್ಟ. ಈ ಊರಿಗೆ ಬಂದ ಮೇಲಿನ ಮೂರು ಸಂಕ್ರಾಂತಿಗೂ ಅವಳು ನೆರೆಯವರ ಜೊತೆ ತಾರಸಿ ಹತ್ತಿ ಪಟ ಬಿಡುತ್ತಿದ್ದಳು. ಅವನು ಬಿಸಿಲೆಂದು ಕೆಳಗೆ ಟೀವಿ ನೋಡುತ್ತಿದ್ದ. “ಶಾಂತಾಬೆನ್‌ಗೆ ಇಲ್ಲ ಅಂತೀನಾ!” ಎಂಬರ್ಥದಲ್ಲಿ ಏನೋ ಹೇಳುತ್ತಾ ಆಕೆ ದಾರದ ಉರುಳೆಯೊಂದನ್ನು ಕೆಳಗೆಸೆದಳು. ಎರಡನೇ ಮಹಡಿಯಿಂದ ಇನ್ನೊಂದು ಬಂತು. ಎದುರು ಬ್ಲಾಕಿನಿಂದ ಮತ್ತೊಂದು. “ಗಾಜಿನ ಪುಡಿ ಹಚ್ಚಿರೋದು ಬೇಡ, ಕೈ ಕುಯ್ಯುತ್ತೆ. ಇದು ಬರೀ ನೂಲು. ಮೂರೆಳೆ ಸೇರಿಸಿದ್ರೆ ತಡೆಯುತ್ತೆ, ಗಾಳಿ ಇಲ್ವಲ್ಲ,” ಎಂದು ಶಾಂತಾ ಲಿಂಗರಾಜರಿಗೆ ಹೇಳಿದಳು. ಬ್ಯಾಂಕ್ ಮ್ಯಾನೇಜರು ತಲೆಯಾಡಿಸಿ, ಬ್ಲಿಂಪನ್ನು ಕೆಳಗೆಳೆದು, ತಾವೇ ಆರಿಸಿ ತಂದ ಹಗ್ಗವನ್ನು ತಾವೇ ಬಿಚ್ಚಿದರು.

ಮೂರು ಉರುಳೆಗೆ ಮೂವರು ಬೇಕಲ್ಲ. ಒಂದನ್ನು ನಿತಿನ್‌ಭಾಯಿ ಹಿಡಿದ. ಇನ್ನೊಂದನ್ನು ರಾಜಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೈ ಚಾಚಿ ಇಸಿದುಕೊಂಡರು. ಮೂರನೆಯದು ಬಾಲಚಂದ್ರನದು. ನಡುವೆ ಶಾಂತಾ, ಮೂರೆಳೆಯನ್ನೂ ಬೆರಳ ಸಂದಿಯಲ್ಲಿ ಒಂದು ಮಾಡಿ ಹಿಡಿದು, ಎರಡು ತೋಳು ಅಗಲಿಸಿ ಒಂದೊಂದು ಮಾರಾಗಿ ಬಿಡತೊಡಗಿದಳು. ಹೂವಿನವಳು ಹೂವಳೆಯುವ ಹಾಗೆ. “ಒಂದು,” ಎಂದಳು. “ಎರಡು. ಮೂರು.” ಎಲ್ಲರಿಗೂ ಕೇಳುವಂತೆ ಎಣಿಸುತ್ತಿದ್ದಳು. ಎರಡು ವರ್ಷದಲ್ಲಿ ಅವಳ ಬಾಯಿಂದ ಅವನು ಕೇಳಿದ ಮೊದಲ ಸಂಖ್ಯೆಗಳು ಅವು. ಬ್ಲಿಂಪ್ ಮೊದಲನೇ ಮಹಡಿ ದಾಟಿತು, ನಾಲ್ಕು ದಾಟಿತು, ಅವರದೇ ಮನೆಯ ಬಾಲ್ಕನಿ ದಾಟಿತು. ಒಣಗಲು ಹಾಕಿದ ಅವನ ಬನಿಯನ್ನುಗಳು ಬಾವುಟದ ಹಿಂದೆ ಒಮ್ಮೆ ಕಂಡು ಮರೆಯಾದವು. ಅವನು ಉರುಳೆಯನ್ನು ಗಟ್ಟಿಯಾಗಿ ಹಿಡಿದಿದ್ದ. “ಸಡಿಲ ಬಿಡ್ರೀ,” ಎಂದಳು ಶಾಂತಾ ತಿರುಗಿ ನೋಡದೆ. ಅವನು ಸಡಿಲ ಬಿಟ್ಟ. ಉರುಳೆ ಅವನ ಅಂಗೈಯಲ್ಲಿ ಕಚಗುಳಿಯಿಡುತ್ತಾ ಗಿರಗಿರನೆ ತಿರುಗಿತು. “ಹತ್ತೊಂಬತ್ತು,” ಎಂದು ಅವಳು ನಿಲ್ಲಿಸಿದಳು. ಹತ್ತನೇ ಮಹಡಿಯ ನೀರಿನ ಟ್ಯಾಂಕಿಗೆ ಸಮನಾಗಿ ಅರಿಶಿನ ಕುಂಕುಮ ತೂಗುತ್ತಿತ್ತು. ಲಿಂಗರಾಜರು ಜೈಕಾರ ಹಾಕುವುದನ್ನೂ ಮರೆತು ಅಹಮದಾಬಾದಿಗೆ ವಿಡಿಯೋ ಕಳಿಸುತ್ತಿದ್ದರು.

“ನಿನಗೆ ಹೆಂಗೆ ಹೊಳೀತು?” ಎಂದು ಅವನು ಆಮೇಲೆ ಎಲೆಯ ಮುಂದೆ ಕೂತಾಗ ಮೆಲ್ಲಗೆ ಕೇಳಿದ. “ನಮ್ಮೂರ ಬಾವಿ ಅರವತ್ತಡಿ,” ಎಂದಳು ಶಾಂತಾ. “ಕೊಡ ಇಳಿಬಿಡೋವಾಗ, ಖಾಲಿ ಕೊಡ ಕಣ್ರೀ, ಆದ್ರೂ ಆಳಕ್ಕೆ ಹೋಗ್ತಾ ಹೋಗ್ತಾ ಕೈ ಸೋಲುತ್ತೆ. ಹಗ್ಗಾನೂ ಭಾರಾನೇ ಅಂತ ಸೇದಿದವರಿಗೆ ಗೊತ್ತಾಗುತ್ತೆ. ನೀವು ನಲ್ಲಿ ನೀರಿನವರು.” ಎದುರಿನ ಸಾಲಿನಲ್ಲಿ ಲಿಂಗರಾಜರು ತಾಯಿಗೆ ಮೊದಲ ಎಲೆ ಹಾಕಿಸಿ, ಪುಳಿಯೋಗರೆ ಬಡಿಸಿ, ಸಾಕಾ ಎಂದು ಕೇಳುತ್ತಿದ್ದರು. ರಾಜಮ್ಮ ಬಾಲಚಂದ್ರನನ್ನೇ ನೋಡುತ್ತಾ, “ಇನ್ನಷ್ಟು ಹಾಕಪಾ, ಎರಡು ವರ್ಷದ ಬಾಕಿ ಐತಿ,” ಎಂದರು.

ಸಂಜೆ ಅವನು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ತಾಪಿ ನದಿಯ ಕಡೆಯಿಂದ ಗಾಳಿ ಬಂದು ಬನಿಯನ್ನುಗಳು ಅಲ್ಲಾಡುತ್ತಿದ್ದವು. ಅಂಗೈಯಲ್ಲಿ ಉರುಳೆ ತಿರುಗಿದ ಕಚಗುಳಿ ಇನ್ನೂ ಇತ್ತು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಅವನ ಬೆನ್ನು ಎಂದಿನಂತೆ ನೆಟ್ಟಗಾಯಿತು. ನಾಲಿಗೆಯ ತುದಿಯಲ್ಲಿ ‘ಒಂದು ಪಾವು’ ಬಂದು ನಿಂತಿತು. ಅವನು ಕಾದ. ಬೆಳಿಗ್ಗೆ ಅಷ್ಟು ಜನರ ಮುಂದೆ ಹೇಳಿದ್ದು ಅಷ್ಟು ಜನರಿಗಾಗಿಯೇ ಆಗಿಹೋಯಿತೋ ಏನೋ ಎಂದು ಒಂದು ಅಳುಕು. ಪ್ರಶ್ನೆ ಬರಲಿಲ್ಲ. ಪಾತ್ರೆಗೆ ಅಕ್ಕಿ ಬಿದ್ದ ಸದ್ದು ಬಂತು, ನಿಂತಿತು, ಮತ್ತೆ ಒಂದು ಹಿಡಿ ಬಿದ್ದ ಸದ್ದು. ಎಷ್ಟಿರಬಹುದು ಎಂದು ಅವನು ಲೆಕ್ಕ ಹಾಕಲಿಲ್ಲ. ನಲ್ಲಿ ತಿರುಗಿತು, ಅಕ್ಕಿ ತೊಳೆದಾಯಿತು, ಕುಕ್ಕರು ಒಲೆಯ ಮೇಲೆ ಕೂತಿತು. ಶಾಂತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಲ್ಕನಿಯ ಬಾಗಿಲಿಗೆ ಬಂದಳು.

“ಮಧ್ಯಾಹ್ನದ ಊಟಾನೇ ಕರಗಿಲ್ಲ ಅನ್ಬೇಡಿ,” ಎಂದಳು. “ಸ್ವಲ್ಪ ಜಾಸ್ತೀನೇ ಹಾಕಿದ್ದೀನಿ.”